ನೆಗಡಿ ಮಾತ್ರೆಗೆ ಹೋದ ಚಿನ್ನ

ನೆಗಡಿಗೆ ಔಷಧಿ ತೆಗೆದುಕೊಂಡರೆ ಏಳು ದಿನಕ್ಕೆ ವಾಸಿಯಾಗುತ್ತದೆ, ತೆಗೆದುಕೊಳ್ಳದಿದ್ದರೆ ಒಂದು ವಾರ ಬೇಕು ಎಂಬ ಹಳೆಯ ನಗೆಮಾತೊಂದಿದೆ. ಆದರೂ ಮೂಗು ಕಟ್ಟಿ, ತಲೆ ಭಾರವಾಗಿ, ಮುಖ್ಯವಾದ ಕೆಲಸವೊಂದು ಎದುರಿಗಿದ್ದರೆ ನಾವೆಲ್ಲ ಮಾತ್ರೆ ನುಂಗಿಯೇ ನುಂಗುತ್ತೇವೆ. 2000ದ ಸೆಪ್ಟೆಂಬರಿನಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಬಂದಿದ್ದ ರುಮೇನಿಯಾದ ಹುಡುಗಿಯೊಬ್ಬಳೂ ಅದನ್ನೇ ಮಾಡಿದಳು. ಹೆಸರು ಆಂದ್ರಿಯಾ ರದುಕಾನ್. ವಯಸ್ಸು 16, ಹದಿನೇಳು ತುಂಬಲು ಕೆಲವೇ ದಿನ ಬಾಕಿ. ತೂಕ 37 ಕಿಲೋ.

ಸೆಪ್ಟೆಂಬರ್ 21ರಂದು ನಡೆದ ಜಿಮ್ನಾಸ್ಟಿಕ್ಸ್‌ನ ವೈಯಕ್ತಿಕ ಸಮಗ್ರ ವಿಭಾಗದಲ್ಲಿ ಆಕೆ ಚಿನ್ನ ಗೆದ್ದಳು. 1976ರಲ್ಲಿ ನಾದಿಯಾ ಕೊಮನೇಚಿ ಗೆದ್ದ ಮೇಲೆ ಈ ವಿಭಾಗದಲ್ಲಿ ರುಮೇನಿಯಾಕ್ಕೆ ಅದೇ ಮೊದಲ ಚಿನ್ನ. ಎರಡನೆಯ, ಮೂರನೆಯ ಸ್ಥಾನವೂ ಅವಳದೇ ತಂಡದ ಹುಡುಗಿಯರಿಗೆ ಬಂದಿತ್ತು. ಐದು ದಿನ ಕಳೆಯಿತು. 26ರಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಆ ಪದಕವನ್ನು ವಾಪಸು ಪಡೆಯಿತು. ಸ್ಪರ್ಧೆಯ ನಂತರ ಆಕೆ ಕೊಟ್ಟ ಮೂತ್ರದಲ್ಲಿ ಸ್ಯೂಡೋಎಫೆಡ್ರಿನ್ ಎಂಬ ವಸ್ತು ನಿಷೇಧಿತ ಮಟ್ಟಕ್ಕಿಂತ ಹೆಚ್ಚು ಸಿಕ್ಕಿತ್ತು.

ಅದು ಎಲ್ಲಿಂದ ಬಂತು ಎಂಬುದರಲ್ಲಿ ಯಾವ ಗುಟ್ಟೂ ಇರಲಿಲ್ಲ. ನೆಗಡಿಯಾಗಿದೆ ಎಂದವಳಿಗೆ ತಂಡದ ವೈದ್ಯರೇ ಮಾತ್ರೆ ಕೊಟ್ಟಿದ್ದರು. ಯಾವ ಔಷಧಿ ಅಂಗಡಿಯಲ್ಲಾದರೂ ಸಿಗುವ ನ್ಯೂರೋಫೆನ್ ಕೋಲ್ಡ್ ಅಂಡ್ ಫ್ಲೂ ಎಂಬ ಮಾತ್ರೆ. ಡಾಕ್ಟರು ಕೊಟ್ಟರು, ಹುಡುಗಿ ನುಂಗಿದಳು. ನಮ್ಮ ಮಕ್ಕಳು ಇದಕ್ಕಿಂತ ಬೇರೆ ಏನು ಮಾಡುತ್ತಾರೆ ಹೇಳಿ? ದೊಡ್ಡವರು ಕೊಟ್ಟದ್ದನ್ನು ಪ್ರಶ್ನಿಸದೆ ನುಂಗುವವರನ್ನೇ ಅಲ್ಲವೇ ನಾವು ಒಳ್ಳೆಯ ಮಕ್ಕಳು ಎನ್ನುವುದು?

ರದುಕಾನ್ ಮೇಲ್ಮನವಿ ಸಲ್ಲಿಸಿದಳು. ಒಲಿಂಪಿಕ್ಸ್ ಮುಗಿಯುವ ಮುಂಚೆ, ಸೆಪ್ಟೆಂಬರ್ 28ರಂದೇ ತೀರ್ಪು ಬಂತು. ಮನವಿ ತಿರಸ್ಕೃತ. ಆಕೆ ಮೋಸಗಾತಿ ಎಂದು ತೀರ್ಪು ಹೇಳಲಿಲ್ಲ. ಎಳೆಯ ವಯಸ್ಸಿನ ಉತ್ತಮ ಕ್ರೀಡಾಪಟುವಿನ ಮೇಲೆ ಇದರ ಪರಿಣಾಮ ಏನೆಂಬುದು ತಮಗೆ ಗೊತ್ತಿದೆ, ಆದರೂ ನಿಯಮವನ್ನು ಸಡಿಲಿಸಲು ಬರುವುದಿಲ್ಲ ಎಂಬುದು ಅದರ ತಾತ್ಪರ್ಯ. ಮೂತ್ರದ ಮಾದರಿಯ ಪ್ರಮಾಣದ ಬಗ್ಗೆ ಕಾಗದಪತ್ರಗಳಲ್ಲಿ ವ್ಯತ್ಯಾಸವಿದೆ ಎಂದು ಅವಳ ಪರ ವಕೀಲರು ವಾದಿಸಿದರು. ಅದೂ ನಿಲ್ಲಲಿಲ್ಲ. ಸ್ವಿಟ್ಜರ್ಲೆಂಡಿನ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅಲ್ಲಿಯೂ ಅದೇ ವರ್ಷದ ಡಿಸೆಂಬರಿನಲ್ಲಿ ಅರ್ಜಿ ವಜಾ ಆಯಿತು.

ಸ್ಪರ್ಧೆ ನಡೆದದ್ದು ಆಸ್ಟ್ರೇಲಿಯದಲ್ಲಿ, ಹುಡುಗಿ ರುಮೇನಿಯಾದವಳು, ನ್ಯಾಯಾಲಯ ಸ್ವಿಟ್ಜರ್ಲೆಂಡಿನದು. ಇದೆಂಥ ವ್ಯವಸ್ಥೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಅಂತರರಾಷ್ಟ್ರೀಯ ಕ್ರೀಡೆಗೆ ಒಂದು ಸರ್ಕಾರ ಇಲ್ಲ. ಒಲಿಂಪಿಕ್ ಸಮಿತಿ ಎಂಬುದು ಸ್ವಿಸ್ ಕಾನೂನಿನಡಿ ಇರುವ ಒಂದು ಖಾಸಗಿ ಸಂಸ್ಥೆ; ಲೊಸಾನ್ ನಗರದಲ್ಲಿದೆ. ಅದರ ಜಗಳಗಳನ್ನು ಬಿಡಿಸಲು 1984ರಲ್ಲಿ ಅದೇ ಊರಿನಲ್ಲಿ ಕ್ರೀಡಾ ಪಂಚಾಯ್ತಿ ನ್ಯಾಯಾಲಯ ಸ್ಥಾಪನೆಯಾಯಿತು. ಪತ್ರಿಕೆಗಳಲ್ಲಿ ಸಿಎಎಸ್ ಎಂದು ಓದುತ್ತೀರಲ್ಲ, ಅದೇ. ಪಂಚಾಯ್ತಿ ಎಂದರೆ ನಮ್ಮ ಊರ ಕಟ್ಟೆಯ ಪಂಚಾಯ್ತಿಯಂತೆಯೇ: ಎರಡೂ ಕಡೆಯವರು ಮಧ್ಯಸ್ಥರ ಮಾತಿಗೆ ಬದ್ಧರಾಗುತ್ತೇವೆಂದು ಮೊದಲೇ ಒಪ್ಪಿಕೊಂಡಿರಬೇಕು. ಕ್ರೀಡಾಪಟುಗಳು ಪ್ರವೇಶಪತ್ರಕ್ಕೆ ಸಹಿ ಹಾಕುವಾಗಲೇ ಈ ಒಪ್ಪಿಗೆ ಕೊಟ್ಟಿರುತ್ತಾರೆ. ಸಹಿ ಹಾಕದಿದ್ದರೆ ಆಡುವಂತಿಲ್ಲ, ಹಾಗಾಗಿ ಇದು ಎಂಥ ಒಪ್ಪಿಗೆ ಎಂಬುದು ಬೇರೆ ಮಾತು. ಶಾಲೆಯ ಪ್ರವಾಸಕ್ಕೆ ಹೋಗಲು ಕೂಡ ನಾವು ಅಪ್ಪ ಅಮ್ಮನ ಸಹಿ ತರಿಸುತ್ತೇವೆ!

1996ರ ಅಟ್ಲಾಂಟಾ ಒಲಿಂಪಿಕ್ಸ್‌ನಿಂದ ಈ ನ್ಯಾಯಾಲಯ ಕ್ರೀಡಾಕೂಟ ನಡೆಯುವ ಊರಿಗೇ ಬಂದು ತಾತ್ಕಾಲಿಕ ಪೀಠ ಹೂಡುತ್ತದೆ. ಅರ್ಜಿ ಬಂದ 24 ಗಂಟೆಯೊಳಗೆ ತೀರ್ಪು ಕೊಡುವುದು ಅದರ ಕ್ರಮ. ನಮ್ಮ ಕೋರ್ಟುಗಳಲ್ಲಿ ಗಡಿಕಲ್ಲಿನ ವ್ಯಾಜ್ಯ ಅಜ್ಜನಿಂದ ಮೊಮ್ಮಗನಿಗೆ ಬರುವುದನ್ನು ಕಂಡವರಿಗೆ ಇದು ಪವಾಡದಂತೆ ತೋರಬಹುದು. ಒಲಿಂಪಿಕ್ ಸಮಿತಿಯ ದುಡ್ಡಿನಲ್ಲೇ ನಡೆಯುವ ನ್ಯಾಯಾಲಯ ಒಲಿಂಪಿಕ್ ಸಮಿತಿಯ ವಿರುದ್ಧ ತೀರ್ಪು ಕೊಡುತ್ತದೆಯೇ ಎಂಬ ಸಂದೇಹವೂ ಸಹಜ. ಆ ಸಂದೇಹ ಅಧಿಕೃತವಾಗಿ ಮೊದಲು ಎದ್ದದ್ದು ಒಂದು ಕುದುರೆಯಿಂದ. ಗುಂಡೆಲ್ ಎಂಬ ಸವಾರನ ಕುದುರೆಯ ದೇಹದಲ್ಲಿ ನಿಷೇಧಿತ ವಸ್ತು ಸಿಕ್ಕಿ, ಅವನಿಗೆ ಶಿಕ್ಷೆಯಾಗಿ, ಪ್ರಕರಣ ಸ್ವಿಸ್ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಈ ಪಂಚಾಯ್ತಿಯನ್ನು ಒಪ್ಪಬಹುದು, ಆದರೆ ಒಲಿಂಪಿಕ್ ಸಮಿತಿಯೇ ಕಕ್ಷಿಯಾದಾಗ ಅದರ ಸ್ವಾತಂತ್ರ್ಯ ಪ್ರಶ್ನಾರ್ಹವಾದೀತು ಎಂದು 1993ರಲ್ಲಿ ಆ ನ್ಯಾಯಾಲಯ ಸೂಚಿಸಿತು. ಮರುವರ್ಷವೇ ಸಿಎಎಸ್ ಅನ್ನು ಒಲಿಂಪಿಕ್ ಸಮಿತಿಯ ಹಿಡಿತದಿಂದ ಬಿಡಿಸಿ ಪ್ರತ್ಯೇಕ ಮಂಡಳಿಯೊಂದರ ಕೈಗೆ ಕೊಟ್ಟರು. ಕುದುರೆ ಮಾಡಿದ ಉಪಕಾರ!

ಈಗ ಮುಖ್ಯ ಪ್ರಶ್ನೆಗೆ ಬರೋಣ. ತಪ್ಪು ಮಾಡದವಳ ಪದಕ ಕಸಿಯುವುದು ನ್ಯಾಯವೇ? ಕಾನೂನಿನವರು ಈ ನಿಯಮವನ್ನು ಕಟ್ಟುನಿಟ್ಟಿನ ಹೊಣೆಗಾರಿಕೆ ಎನ್ನುತ್ತಾರೆ. ನಿನ್ನ ದೇಹದಲ್ಲಿ ಏನಿದೆಯೋ ಅದಕ್ಕೆ ನೀನೇ ಹೊಣೆ. ಗೊತ್ತಿತ್ತೋ ಇಲ್ಲವೋ, ಯಾರು ಕೊಟ್ಟರು, ಯಾಕೆ ಕೊಟ್ಟರು, ಲಾಭವಾಯಿತೋ ನಷ್ಟವಾಯಿತೋ ಎಂಬುದನ್ನು ಪದಕದ ವಿಚಾರದಲ್ಲಿ ಯಾರೂ ಕೇಳುವುದಿಲ್ಲ. ಮೊದಲ ಬಾರಿ ಕೇಳಿದಾಗ ಇದು ಕುರುಡು ನಿಯಮ ಅನ್ನಿಸುತ್ತದೆ. ನಾನೂ ಹಾಗೆಯೇ ಅಂದುಕೊಂಡು ವಾದಿಸಬಲ್ಲೆ. ಆದರೆ ಪೂರ್ವ ಜರ್ಮನಿಯ ಕಥೆ ಓದಿದವರಿಗೆ ಹಾಗೆ ವಾದಿಸುವುದು ಕಷ್ಟವಾಗುತ್ತದೆ.

ಪೂರ್ವ ಜರ್ಮನಿ ಎಂಬ ದೇಶ ಈಗಿಲ್ಲ. 1990ರಲ್ಲಿ ಎರಡು ಜರ್ಮನಿಗಳು ಒಂದಾದವು. ಇದ್ದಾಗ ಅದು ಚಿಕ್ಕ ದೇಶ, ಪದಕಗಳ ಪಟ್ಟಿಯಲ್ಲಿ ಮಾತ್ರ ಬಹಳ ದೊಡ್ಡದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಈಜಿನಲ್ಲಿ ಮಹಿಳೆಯರಿಗಿದ್ದ 13 ಚಿನ್ನಗಳಲ್ಲಿ 11 ಅದರ ಪಾಲಾದವು. ಹಿಂದಿನ ರಹಸ್ಯ ಗೋಡೆ ಬಿದ್ದ ಮೇಲೆ ಕಡತಗಳಿಂದ ಹೊರಬಂತು. 1974ರಿಂದ ಸರ್ಕಾರವೇ ಒಂದು ಗುಪ್ತ ಯೋಜನೆ ನಡೆಸುತ್ತಿತ್ತು. ಓರಲ್ ಟ್ಯೂರಿನಬಾಲ್ ಎಂಬ ಮಾತ್ರೆಯನ್ನು ಕ್ರೀಡಾಶಾಲೆಗಳ ಹುಡುಗಿಯರಿಗೆ ಕೊಡುತ್ತಿದ್ದರು. ಏನೆಂದು ಹೇಳಿ? ವಿಟಮಿನ್ ಎಂದು. ನಿಜವಾಗಿ ಅದು ಪುರುಷ ಹಾರ್ಮೋನಿನ ಕೃತಕ ರೂಪ. ಹುಡುಗಿಯರ ಸ್ನಾಯು ಬೆಳೆಯಿತು, ದನಿ ಒಡೆಯಿತು, ಮೈಮೇಲೆ ರೋಮ ಬೆಳೆಯಿತು. ಎಷ್ಟೋ ಮಂದಿಗೆ ಮುಂದೆ ಯಕೃತ್ತು, ಗರ್ಭಕೋಶದ ತೊಂದರೆಗಳು ಕಾಡಿದವು. ಅಂತರರಾಷ್ಟ್ರೀಯ ಕೂಟಗಳಲ್ಲಿ ಸಿಕ್ಕಿಬಿದ್ದವರು ಬೆರಳೆಣಿಕೆ, ಏಕೆಂದರೆ ವಿದೇಶಕ್ಕೆ ಹೊರಡುವ ಮುಂಚೆ ಕ್ರೈಶಾ ಎಂಬಲ್ಲಿನ ಪ್ರಯೋಗಾಲಯದಲ್ಲಿ ಅವರ ಮೂತ್ರವನ್ನು ಸರ್ಕಾರವೇ ಪರೀಕ್ಷಿಸಿ, ಮದ್ದಿನ ಕುರುಹು ಉಳಿದವರನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಿತ್ತು. ಮದ್ದು ಹಿಡಿಯಲು ಹುಟ್ಟಿದ ವಿಜ್ಞಾನವನ್ನು ಮದ್ದು ಮುಚ್ಚಿಡಲು ಬಳಸಿದರು. ವಿಜ್ಞಾನ ಪಾಠ ಮಾಡುವ ನನ್ನಂಥವರಿಗೆ ಇದು ಹೆಚ್ಚು ನೋವು ಕೊಡುವ ಭಾಗ.

ಈ ಹುಡುಗಿಯರು ಯಾರೂ ಮೋಸಗಾರರಲ್ಲ. ಅವರಿಗೂ ದೊಡ್ಡವರೇ ಮಾತ್ರೆ ಕೊಟ್ಟದ್ದು. ಈಗ ಯೋಚಿಸಿ: ‘ನನಗೆ ಗೊತ್ತಿರಲಿಲ್ಲ, ಡಾಕ್ಟರು ಕೊಟ್ಟರು’ ಎಂದರೆ ಪದಕ ಉಳಿಯುತ್ತದೆ ಎಂಬ ನಿಯಮ ಇದ್ದಿದ್ದರೆ ಏನಾಗುತ್ತಿತ್ತು? ಪ್ರತಿಯೊಂದು ದೇಶವೂ ತನ್ನ ಮಕ್ಕಳಿಗೆ ಗೊತ್ತಾಗದಂತೆ ಮದ್ದು ತಿನ್ನಿಸುತ್ತಿತ್ತು. ಮಗುವಿನ ಅಜ್ಞಾನವೇ ದೊಡ್ಡವರಿಗೆ ಗುರಾಣಿಯಾಗುತ್ತಿತ್ತು. ಜತೆಗೆ ನಾಲ್ಕನೆಯ ಸ್ಥಾನದಲ್ಲಿ ನಿಂತ, ಏನನ್ನೂ ನುಂಗದ ಇನ್ನೊಂದು ಹುಡುಗಿಯೂ ಇದ್ದಾಳೆ, ಅವಳನ್ನು ಯಾರೂ ನೆನೆಯುವುದಿಲ್ಲ. ಈ ಕಾರಣಕ್ಕೆ ಪದಕದ ವಿಚಾರದಲ್ಲಿ ನಿಯಮ ಕಠೋರವಾಗಿಯೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ರದುಕಾನ್ ವಿಷಯದಲ್ಲಿ ಹೀಗೆ ಹೇಳಲು ನಾಲಿಗೆ ತಡವರಿಸುತ್ತದೆ ಎಂಬುದೂ ನಿಜ.

ತಡವರಿಸುವುದಕ್ಕೆ ರಸಾಯನಶಾಸ್ತ್ರದ ಕಾರಣವೂ ಉಂಟು. ಸ್ಯೂಡೋಎಫೆಡ್ರಿನ್ ಮೂಗಿನೊಳಗಿನ ಊದಿದ ರಕ್ತನಾಳಗಳನ್ನು ಕುಗ್ಗಿಸಿ ಉಸಿರಾಟ ಸರಾಗ ಮಾಡುತ್ತದೆ. ಅದೇ ಗುಣದಿಂದ ಹೃದಯವನ್ನು, ನರಗಳನ್ನು ಸ್ವಲ್ಪ ಚುರುಕುಗೊಳಿಸುತ್ತದೆ. ಅದರ ಹತ್ತಿರದ ಬಂಧು ಎಫೆಡ್ರಿನ್ ಇನ್ನೂ ಪ್ರಬಲ. ಎರಡರ ಅಣುವಿನಲ್ಲೂ 10 ಇಂಗಾಲ, 15 ಜಲಜನಕ, ಒಂದು ಸಾರಜನಕ, ಒಂದು ಆಮ್ಲಜನಕ. ಪರಮಾಣುಗಳು ನಿಂತಿರುವ ದಿಕ್ಕು ಮಾತ್ರ ಬೇರೆ. ಒಂದೇ ಸಾಮಾನಿನಲ್ಲಿ ಕಟ್ಟಿದ ಎರಡು ಮನೆ, ಒಂದರ ಬಾಗಿಲು ಪೂರ್ವಕ್ಕೆ, ಇನ್ನೊಂದರದು ಪಶ್ಚಿಮಕ್ಕೆ.

ಒಂದು ಮಾತ್ರೆಯಲ್ಲಿ 30 ಮಿಲಿಗ್ರಾಂ ಇರುತ್ತದೆ. 74 ಕಿಲೋ ತೂಕದ ಕುಸ್ತಿಪಟು ನುಂಗಿದರೆ ಕಿಲೋಗೆ 0.4 ಮಿಲಿಗ್ರಾಂ, 37 ಕಿಲೋ ಹುಡುಗಿ ನುಂಗಿದರೆ 0.8. ಮಾತ್ರೆ ಒಂದೇ, ಪಾಲು ದುಪ್ಪಟ್ಟು. ಈ ಮದ್ದಿನ ದೊಡ್ಡ ಭಾಗ ಬದಲಾಗದೆ ಮೂತ್ರದಲ್ಲೇ ಹೊರಬರುತ್ತದೆ. ಆಗಿನ ನಿಯಮದಲ್ಲಿ ಮಿಲಿಲೀಟರಿಗೆ 25 ಮೈಕ್ರೋಗ್ರಾಂ ಮೀರಿದರೆ ಅಪರಾಧ. 25 ಮಿಲಿಗ್ರಾಂ ಮದ್ದು ಒಂದು ಲೀಟರು ಮೂತ್ರದಲ್ಲಿ ಹೊರಬಂದರೆ ಸಾಂದ್ರತೆ ಸರಿಯಾಗಿ 25 ಮೈಕ್ರೋಗ್ರಾಂ. ನೀರು ಕಡಿಮೆ ಕುಡಿದು ಅರ್ಧ ಲೀಟರಿನಲ್ಲಿ ಹೊರಬಂದರೆ 50! ಮೂತ್ರದ ಆಮ್ಲೀಯತೆ ಬದಲಾದರೂ ಲೆಕ್ಕ ಏರುಪೇರಾಗುತ್ತದೆ. ಗೆರೆ ಎಳೆಯುವುದು ಸುಲಭ, ಗೆರೆಯ ಅಕ್ಕಪಕ್ಕ ನಿಂತವರನ್ನು ವಿಂಗಡಿಸುವುದು ಕಷ್ಟ. ಈಗ ಇಂಥ ವಸ್ತುಗಳ ಪರೀಕ್ಷೆಯಲ್ಲಿ ಮೂತ್ರದ ಸಾಪೇಕ್ಷ ಸಾಂದ್ರತೆಯನ್ನೂ ಅಳೆದು ಲೆಕ್ಕ ಸರಿಪಡಿಸುತ್ತಾರೆ.

ಮುಂದೆ ನಡೆದದ್ದು ಇನ್ನೂ ವಿಚಿತ್ರ. 2004ರಲ್ಲಿ ಸ್ಯೂಡೋಎಫೆಡ್ರಿನ್ ಅನ್ನು ನಿಷೇಧಿತ ಪಟ್ಟಿಯಿಂದಲೇ ಕೈಬಿಟ್ಟರು. ಆದರೆ ಸುಮ್ಮನಿರದೆ, ಯಾರು ಎಷ್ಟು ಬಳಸುತ್ತಿದ್ದಾರೆಂದು ನಿಗಾ ಇಟ್ಟರು. ಕೆಲವು ಆಟಗಳಲ್ಲಿ ಬಳಕೆ ಏರುತ್ತಾ ಹೋದದ್ದು ಕಂಡು 2010ರಲ್ಲಿ ಮತ್ತೆ ಪಟ್ಟಿಗೆ ಸೇರಿಸಿದರು, ಮಿತಿಯನ್ನು 150 ಮೈಕ್ರೋಗ್ರಾಂಗೆ ಏರಿಸಿ. ಹಳೆಯ ಗೆರೆಯ ಆರು ಪಟ್ಟು! ರದುಕಾನ್‌ಳ ಪದಕ ಮಾತ್ರ ಹಿಂತಿರುಗಲಿಲ್ಲ. ಕಾನೂನು ಸ್ಪರ್ಧೆಯ ದಿನ ಇದ್ದ ಪಟ್ಟಿಯನ್ನೇ ನೋಡುತ್ತದೆ.

ಅಣುವಿನ ದಿಕ್ಕಿನ ಮಾತು ಬಂತಲ್ಲ, ಅದೇ ಕಾರಣಕ್ಕೆ ಕಂಚು ಕಳೆದುಕೊಂಡವನೊಬ್ಬನಿದ್ದಾನೆ. ಸ್ಕಾಟ್ಲೆಂಡಿನ ಅಲೈನ್ ಬ್ಯಾಕ್ಸ್‌ಟರ್. 2002ರ ಸಾಲ್ಟ್ ಲೇಕ್ ಸಿಟಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹಿಮದ ಇಳಿಜಾರಿನ ಸ್ಕೀಯಿಂಗ್‌ನಲ್ಲಿ ಬ್ರಿಟನ್ನಿಗೆ ಮೊದಲ ಪದಕ ತಂದವನು. ಮೂಗು ಕಟ್ಟಿದ್ದರಿಂದ ಅಮೆರಿಕದ ಅಂಗಡಿಯಲ್ಲಿ ವಿಕ್ಸ್ ಇನ್‌ಹೇಲರ್ ಕೊಂಡ. ಊರಿನಲ್ಲಿ ಅವನು ಸದಾ ಬಳಸುತ್ತಿದ್ದದ್ದೂ ಅದೇ ಹೆಸರಿನದು. ಆದರೆ ಅಮೆರಿಕದ ಕೊಳವೆಯಲ್ಲಿ ಲೆವ್‌ಮೆಟಾಂಫೆಟಮಿನ್ ಇತ್ತು, ಬ್ರಿಟನ್ನಿನದರಲ್ಲಿ ಇರಲಿಲ್ಲ. ಹತ್ತನೇ ತರಗತಿಯ ಮಕ್ಕಳು ಎರಡೂ ಅಂಗೈಗಳನ್ನು ಎದುರುಬದುರಾಗಿ ಹಿಡಿದು ನೋಡಿ. ಒಂದು ಇನ್ನೊಂದರ ಕನ್ನಡಿ ಬಿಂಬ, ಆದರೆ ಎಡಗೈಯ ಕೈಗವಸು ಬಲಗೈಗೆ ಹೊಂದುವುದಿಲ್ಲ. ಮೆಟಾಂಫೆಟಮಿನ್ ಅಣುವಿಗೂ ಹೀಗೆ ಎಡ, ಬಲ ಎಂಬ ಎರಡು ರೂಪಗಳಿವೆ. ಬಲರೂಪ ಮಿದುಳನ್ನು ಕೆರಳಿಸುವ ಭಯಂಕರ ಮಾದಕ. ಎಡರೂಪ ಮೂಗು ಬಿಡಿಸುವ ಸಾಧು ಪ್ರಾಣಿ. ಬ್ಯಾಕ್ಸ್‌ಟರ್ ಸೇದಿದ್ದು ಎಡರೂಪ. ನಿಯಮದಲ್ಲಿದ್ದದ್ದು ಮೆಟಾಂಫೆಟಮಿನ್ ಎಂಬ ಒಂದೇ ಹೆಸರು, ಎಡ ಬಲ ಎಂದಿರಲಿಲ್ಲ. ಆತ ಪ್ರಾಮಾಣಿಕ, ಲಾಭ ಪಡೆಯುವ ಉದ್ದೇಶವಿರಲಿಲ್ಲ ಎಂದು ಸಿಎಎಸ್ ಒಪ್ಪಿತು. ಪದಕ ಮಾತ್ರ ಆಸ್ಟ್ರಿಯಾದ ಬೆಂಜಮಿನ್ ರೈಖ್‌ಗೆ ಹೋಯಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು, ಪತ್ರಿಕೆ ಓದುವವರು ಬಹುಮಟ್ಟಿಗೆ ಎರಡನ್ನೂ ಕಲಸಿಬಿಡುತ್ತಾರೆ. ಪದಕ ಹೋಗುವುದು ಒಂದು, ನಿಷೇಧದ ಅವಧಿ ಮತ್ತೊಂದು. ಪದಕಕ್ಕೆ ತಪ್ಪು ಒಪ್ಪಿನ ಲೆಕ್ಕವಿಲ್ಲ. ಎಷ್ಟು ಕಾಲ ಆಟದಿಂದ ಹೊರಗಿಡಬೇಕು ಎಂಬುದಕ್ಕೆ ತಪ್ಪಿನ ಪ್ರಮಾಣ ನೋಡುತ್ತಾರೆ. ರದುಕಾನ್‌ಳನ್ನು ಆಟದಿಂದ ನಿಷೇಧಿಸಲಿಲ್ಲ. ತಂಡದ ಚಿನ್ನ, ವಾಲ್ಟ್‌ನ ಬೆಳ್ಳಿ ಅವಳಲ್ಲೇ ಉಳಿದವು. ಮರುವರ್ಷ ಬೆಲ್ಜಿಯಂನ ಘೆಂಟ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಕೆ ಮೂರು ಚಿನ್ನ ಗೆದ್ದಳು. ಬ್ಯಾಕ್ಸ್‌ಟರ್‌ಗೆ ಮೂರೇ ತಿಂಗಳ ನಿಷೇಧ.

ಆ ಕಾಲದಲ್ಲಿ ಒಂದೊಂದು ಆಟಕ್ಕೆ ಒಂದೊಂದು ನಿಯಮ, ಒಂದೊಂದು ಶಿಕ್ಷೆ ಇತ್ತು. 1998ರ ಫ್ರಾನ್ಸ್ ಸೈಕಲ್ ಪಂದ್ಯದಲ್ಲಿ ಫೆಸ್ಟಿನಾ ತಂಡದ ಕಾರಿನಲ್ಲಿ ರಾಶಿ ಮದ್ದು ಸಿಕ್ಕಿದ ಹಗರಣದ ನಂತರ, 1999ರ ನವೆಂಬರಿನಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ ಹುಟ್ಟಿತು. ಅದರ ಸಂಹಿತೆ 2004ರಿಂದ ಎಲ್ಲ ಆಟಗಳಿಗೂ ಒಂದೇ ಆಯಿತು. ಸರ್ಕಾರಗಳು ಖಾಸಗಿ ಸಂಸ್ಥೆಯೊಂದರ ನಿಯಮಕ್ಕೆ ಸಹಿ ಹಾಕುವಂತಿಲ್ಲವಾದ್ದರಿಂದ 2005ರಲ್ಲಿ ಯುನೆಸ್ಕೋ ಮೂಲಕ ಒಂದು ಒಪ್ಪಂದ ಮಾಡಿಕೊಂಡವು. ಭಾರತ 2007ರಲ್ಲಿ ಅದನ್ನು ಅನುಮೋದಿಸಿತು. 2022ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು.

ಇಷ್ಟೆಲ್ಲ ಆದ ಮೇಲಾದರೂ ಮಕ್ಕಳ ಪ್ರಶ್ನೆ ಬಗೆಹರಿಯಿತೇ? 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ನೋಡಿ. ರಷ್ಯದ ಫಿಗರ್ ಸ್ಕೇಟರ್ ಕಮಿಲಾ ವಲಿಯೆವಾಗೆ ಆಗ 15 ವರ್ಷ. 2021ರ ಡಿಸೆಂಬರ್ 25ರಂದು ಆಕೆ ಕೊಟ್ಟಿದ್ದ ಮಾದರಿಯಲ್ಲಿ ಟ್ರೈಮೆಟಾಜಿಡಿನ್ ಎಂಬ ಹೃದಯದ ಔಷಧಿ ಸಿಕ್ಕಿತು. ಪ್ರಮಾಣ ಮಿಲಿಲೀಟರಿಗೆ ಸುಮಾರು 2.1 ನಾನೋಗ್ರಾಂ. ರದುಕಾನ್ ಕಾಲದ 25 ಮೈಕ್ರೋಗ್ರಾಂ ಗೆರೆಯ ಜತೆ ಹೋಲಿಸಿದರೆ ಇದು ಸುಮಾರು 12 ಸಾವಿರದಲ್ಲಿ ಒಂದು ಪಾಲು. ಯಂತ್ರಗಳು ಅಷ್ಟು ಸೂಕ್ಷ್ಮವಾಗಿವೆ. ಈ ಮದ್ದಿಗೆ ಗೆರೆಯೇ ಇಲ್ಲ, ಕುರುಹು ಕಂಡರೆ ಸಾಕು. ವರದಿ ಬಂದದ್ದು ತಂಡದ ಸ್ಪರ್ಧೆ ಮುಗಿದ ಮರುದಿನ. 16 ತುಂಬದವರಿಗೆ ಹೊಸ ಸಂಹಿತೆಯಲ್ಲಿ ‘ರಕ್ಷಿತ ವ್ಯಕ್ತಿ’ ಎಂಬ ಸ್ಥಾನವಿದೆ. ಅದನ್ನೂ ಪರಿಗಣಿಸಿ ಆಕೆ ವೈಯಕ್ತಿಕ ಸ್ಪರ್ಧೆಯಲ್ಲಿ ಭಾಗವಹಿಸಲು ಸಿಎಎಸ್ ಬಿಟ್ಟಿತು. ಇಡೀ ಲೋಕ ನೋಡುತ್ತಿರುವಾಗ ಹುಡುಗಿ ಮತ್ತೆ ಮತ್ತೆ ಬಿದ್ದು ನಾಲ್ಕನೆಯವಳಾದಳು.

ಅಜ್ಜ ಆ ಔಷಧಿ ಬಳಸುತ್ತಿದ್ದರು, ಅವರು ಮಾಡಿಕೊಟ್ಟ ಸ್ಟ್ರಾಬೆರಿ ಸಿಹಿತಿಂಡಿಯಲ್ಲಿ ಅದು ಬೆರೆತಿರಬಹುದು ಎಂಬುದು ಅವಳ ಕಡೆಯ ವಾದ. 2024ರ ಜನವರಿಯಲ್ಲಿ ಸಿಎಎಸ್ ಅದನ್ನು ಒಪ್ಪಲಿಲ್ಲ; ನಾಲ್ಕು ವರ್ಷಗಳ ನಿಷೇಧ ವಿಧಿಸಿತು. ಬೇಕೆಂದೇ ತೆಗೆದುಕೊಂಡದ್ದಲ್ಲ ಎಂದು ಸಾಬೀತು ಮಾಡುವ ಭಾರ ಕ್ರೀಡಾಪಟುವಿನದು, ಹದಿನೈದರ ಹುಡುಗಿಯಾದರೂ ಸರಿ. ಅವಳೇ ತಿಳಿದು ನುಂಗಿದಳೋ, ಯಾರಾದರೂ ತಿನ್ನಿಸಿದರೋ ನಾವು ಹೇಳಲಾರೆವು. ಆದರೆ ಒಂದು ಪ್ರಶ್ನೆ ಕೇಳಬಹುದು. ತರಬೇತುದಾರರು, ವೈದ್ಯರು, ಸಂಘದವರು ಸುತ್ತ ನಿಂತಿರುವಾಗ, ಸಾಬೀತು ಮಾಡುವ ಹೊರೆ ಅವರಲ್ಲೇ ಎಳೆಯವಳ ಹೆಗಲ ಮೇಲೆ ಏಕೆ?

ಪದಕದ ನಿಯಮಕ್ಕೆ ನಾನು ಕೈ ಎತ್ತುತ್ತೇನೆ, ಇದಕ್ಕೆ ಎತ್ತಲಾರೆ. ದೊಡ್ಡವರಿಗೆ ಶಿಕ್ಷೆಯೇ ಇಲ್ಲವೆಂದಲ್ಲ. ರದುಕಾನ್‌ಗೆ ಮಾತ್ರೆ ಕೊಟ್ಟ ವೈದ್ಯರನ್ನು ಸಿಡ್ನಿಯಿಂದ ಕಳಿಸಿ, ಮುಂದಿನ ಎರಡು ಒಲಿಂಪಿಕ್ಸ್‌ಗಳಿಗೆ, ಚಳಿಗಾಲದ್ದೂ ಸೇರಿ, ಬರಬಾರದೆಂದು ತಡೆದರು. ಪೂರ್ವ ಜರ್ಮನಿಯ ಕ್ರೀಡಾ ಮುಖ್ಯಸ್ಥ ಮನ್‌ಫ್ರೆಡ್ ಎವಾಲ್ಡ್ ಮತ್ತು ವೈದ್ಯ ಮನ್‌ಫ್ರೆಡ್ ಹೋಪ್ನರ್ ಅವರನ್ನು ಬರ್ಲಿನ್ ನ್ಯಾಯಾಲಯ ಅಪರಾಧಿಗಳೆಂದು ಸಾರಿತು. 142 ಕ್ರೀಡಾಪಟುಗಳ ದೇಹಕ್ಕೆ ಹಾನಿ ಮಾಡಿದ್ದು ಆರೋಪ. ತೀರ್ಪು ಬಂದದ್ದೂ 2000ದ ಜುಲೈನಲ್ಲಿ, ಸಿಡ್ನಿಗೆ ಎರಡು ತಿಂಗಳ ಮೊದಲು. ಶಿಕ್ಷೆ ಒಬ್ಬರಿಗೆ 22 ತಿಂಗಳು, ಇನ್ನೊಬ್ಬರಿಗೆ 18 ತಿಂಗಳು, ಎರಡೂ ಅಮಾನತಿನಲ್ಲಿ. ಅಂದರೆ ಒಂದು ದಿನವೂ ಜೈಲಿಲ್ಲ. ಇಂದಿನ ಸಂಹಿತೆಯಲ್ಲಿ ಚಿಕ್ಕವರು ಸಿಕ್ಕಿಬಿದ್ದರೆ ಅವರ ಸುತ್ತಲಿನ ದೊಡ್ಡವರ ಮೇಲೆ ತನಿಖೆ ಆಗಲೇಬೇಕೆಂದಿದೆ, ರಕ್ಷಿತ ವಯಸ್ಸಿನವರಿಗೆ ಗಂಭೀರ ಮದ್ದು ಕೊಟ್ಟ ತರಬೇತುದಾರರಿಗೆ ಆಜೀವ ನಿಷೇಧ ಎಂದಿದೆ. ಬರೆದದ್ದು ಸರಿಯಾಗಿದೆ. ನಡೆಸುವುದನ್ನು ನೋಡಬೇಕು.

ನಮ್ಮವರ ಕಥೆಯೂ ಇದಕ್ಕಿಂತ ದೂರವಿಲ್ಲ. ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇಯಲ್ಲಿ ಚಿನ್ನ ಗೆದ್ದಾಗ ಕನ್ನಡ ನಾಡೆಲ್ಲ ಹಿಗ್ಗಿತ್ತು. ಮರುವರ್ಷ ಅವರೂ ಸೇರಿ ಆರು ಓಟಗಾರ್ತಿಯರ ಮಾದರಿಗಳಲ್ಲಿ ಅನಬಾಲಿಕ್ ಸ್ಟಿರಾಯ್ಡ್ ಸಿಕ್ಕಿತು. ವಿದೇಶಿ ತರಬೇತುದಾರರು ಚೀನಾದಿಂದ ತಂದುಕೊಟ್ಟ ಜಿನ್‌ಸೆಂಗ್ ಬೇರಿನ ಗುಳಿಗೆ ಕಾರಣವೆಂದು ಅವರು ಹೇಳಿದರು. ನಮ್ಮ ನಾಡಾದ ಶಿಸ್ತು ಮಂಡಳಿ ಒಂದು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಲೊಸಾನ್‌ಗೆ ಮೇಲ್ಮನವಿ ಹೋಯಿತು. 2012ರ ಜುಲೈನಲ್ಲಿ ಸಿಎಎಸ್ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್‌ಗೆ ಆಗ ಇದ್ದದ್ದು ದಿನಗಳ ಲೆಕ್ಕ. ತರಬೇತುದಾರರು ಕೊಟ್ಟರು ಎಂಬ ಮಾತು ಅಲ್ಲೂ ಅಷ್ಟೇ ತೂಗಿತು.

ಜಿನ್‌ಸೆಂಗ್ ದೂರದ ಮಾತಾಯಿತು, ಮನೆಯ ಕಪಾಟಿನಲ್ಲಿರುವ ಕೆಮ್ಮಿನ ಸಿರಪ್ಪಿನ ಕಥೆ ಕೇಳಿ. ಕ್ರಿಕೆಟಿಗ ಪೃಥ್ವಿ ಶಾ 19ನೇ ವಯಸ್ಸಿನಲ್ಲಿ, 2019ರಲ್ಲಿ, ಎಂಟು ತಿಂಗಳ ನಿಷೇಧಕ್ಕೆ ಒಳಗಾದದ್ದು ಅಂಥದೊಂದು ಸಿರಪ್ಪಿನಿಂದ. ಅದರಲ್ಲಿ ಟರ್ಬ್ಯುಟಲಿನ್ ಇತ್ತು. ಶ್ವಾಸನಾಳವನ್ನು ಸಡಿಲಿಸುವ ಈ ವಸ್ತು ನಮ್ಮಲ್ಲಿ ಮಾರುವ ಎಷ್ಟೋ ಕೆಮ್ಮಿನ ಔಷಧಿಗಳಲ್ಲಿದೆ. ವಾಡಾ ಪಟ್ಟಿಯಲ್ಲಿ ಇದು ಸ್ಪರ್ಧೆಯ ದಿನ ಮಾತ್ರವಲ್ಲ, ಎಲ್ಲ ಕಾಲಕ್ಕೂ ನಿಷಿದ್ಧ. ಸ್ಯೂಡೋಎಫೆಡ್ರಿನ್ ಹಾಗಲ್ಲ, ಸ್ಪರ್ಧೆಯ ಅವಧಿಯಲ್ಲಿ ಮಾತ್ರ. ಆ ಅವಧಿ ಶುರುವಾಗುವುದು ಹಿಂದಿನ ರಾತ್ರಿ 11 ಗಂಟೆ 59 ನಿಮಿಷಕ್ಕೆ. ಕನಿಷ್ಠ 24 ಗಂಟೆ ಮುಂಚೆ ಮಾತ್ರೆ ನಿಲ್ಲಿಸಿ ಎಂದು ವಾಡಾ ಸಲಹೆ ಕೊಡುತ್ತದೆ.

ಮಗ ಅಥವಾ ಮಗಳು ರಾಜ್ಯ, ರಾಷ್ಟ್ರ ಮಟ್ಟಕ್ಕೆ ಓಡುತ್ತಿದ್ದರೆ ತಂದೆ ತಾಯಿಗಳು ಒಂದು ಅಭ್ಯಾಸ ಮಾಡಿಕೊಳ್ಳಬೇಕು. ಔಷಧಿಯ ಮೇಲಿನ ದೊಡ್ಡಕ್ಷರದ ಹೆಸರನ್ನಲ್ಲ, ಕೆಳಗೆ ಇರುವೆ ಸಾಲಿನಂತೆ ಅಚ್ಚಾಗಿರುವ ರಾಸಾಯನಿಕದ ಹೆಸರನ್ನು ಓದಬೇಕು. ಕನ್ನಡಕ ಹಾಕಿಕೊಂಡೇ ಓದಿ. ಡಾಕ್ಟರ ಬಳಿ ಹೋದಾಗ ‘ಇವಳು ಕ್ರೀಡಾಪಟು, ಪರೀಕ್ಷೆ ಇರುತ್ತದೆ’ ಎಂದು ಮೊದಲೇ ಹೇಳಿ. ಔಷಧಿಯ ಹೆಸರು ಹಾಕಿ ನೋಡುವ ಆ್ಯಪ್ ಒಂದನ್ನು ನಾಡಾ ಒದಗಿಸಿದೆ. ಆಸ್ತಮಾದಂಥ ಕಾಯಿಲೆಗೆ ಅಂಥ ಔಷಧಿ ಬೇಕೇ ಬೇಕೆಂದರೆ ವೈದ್ಯರ ದಾಖಲೆಗಳೊಂದಿಗೆ ಅರ್ಜಿ ಹಾಕಿ ಚಿಕಿತ್ಸಾ ವಿನಾಯಿತಿ ಪಡೆಯಲು ಅವಕಾಶವಿದೆ. ಮಗುವಿನ ಔಷಧಿ ನಿಲ್ಲಿಸಬೇಡಿ. ಜಿಮ್‌ಗಳಲ್ಲಿ ಮಾರುವ ಡಬ್ಬಿ ಪುಡಿಗಳ ವಿಷಯದಲ್ಲಿ ಲೇಬಲ್ಲು ಓದಿದರೂ ಸಾಲದು, ಒಳಗಿರುವುದೆಲ್ಲ ಲೇಬಲ್ಲಿನ ಮೇಲೆ ಇರುತ್ತದೆಂಬ ಖಾತ್ರಿ ಇಲ್ಲ. ಮಕ್ಕಳೇ, ಮೇಷ್ಟ್ರು ಕೊಟ್ಟರೂ ಸರಿ, ಇದೇನು ಸರ್ ಎಂದು ಕೇಳಿ. ಕೇಳಿದ್ದಕ್ಕೆ ಗದರುವ ಮೇಷ್ಟ್ರು ಕೊಟ್ಟದ್ದನ್ನು ನುಂಗಬೇಡಿ.

ಇಷ್ಟು ಓದಿದ ಮೇಲೆ ಸ್ಪರ್ಧೆಯ ಬೆಳಿಗ್ಗೆ ಮನೆಯ ಕಾಫಿ ಕುಡಿಯಬಹುದೇ ಎಂಬ ಅನುಮಾನ ನಿಮಗೆ ಬರಬಹುದು. ಕೆಫೀನ್ ಕೂಡ ಒಂದು ಕಾಲದಲ್ಲಿ ಪಟ್ಟಿಯಲ್ಲಿತ್ತು. ಮೂತ್ರದಲ್ಲಿ ಮಿಲಿಲೀಟರಿಗೆ 12 ಮೈಕ್ರೋಗ್ರಾಂ ಅದರ ಗೆರೆ. 2004ರಲ್ಲಿ ಅದನ್ನು ತೆಗೆದುಹಾಕಿ ನಿಗಾ ಪಟ್ಟಿಗೆ ಸೇರಿಸಿದರು. ಒಂದು ಲೋಟ ಕಾಫಿಗೆ ಯಾರ ಪದಕವೂ ಹೋಗುವುದಿಲ್ಲ.